ಡೈನೋಸಾರ್ ಮಗ್ಗುಲಿನ ವಸ್ತಿ

ನಾಲ್ಕು ಮಂದಿ ಒಂದೇ ಸೂರಿನಡಿ ಮಲಗಿದರೆ ಬೆಳಗಾಗುವುದರೊಳಗೆ ಒಂದು ಕಥೆ ಹುಟ್ಟುತ್ತದೆ. ನಮ್ಮಲ್ಲಿ ಒಮ್ಮೆಗೆ ನಲವತ್ತು ಮಂದಿ ಮಲಗುತ್ತಾರೆ, ಲೆಕ್ಕ ನೀವೇ ಹಾಕಿರಿ. ಗಜೇಂದ್ರಗಡದ ಗುಡ್ಡದ ಬುಡಕ್ಕಿರುವ ನಮ್ಮ ಸಣ್ಣ ವಿಜ್ಞಾನ ಕೇಂದ್ರಕ್ಕೆ ತಂಡ ಕಟ್ಟಿಕೊಂಡು ವಸ್ತಿ ಬರುವವರಿಗೆ ಸಂಜೆ ಪ್ರಯೋಗ, ಊಟವಾದ ಮೇಲೆ ದೂರದರ್ಶಕದಲ್ಲಿ ಶನಿ, ಆಮೇಲೆ ಒಳಗೆ ನಿಲ್ಲಿಸಿರುವ ಆಳೆತ್ತರದ ಡೈನೋಸಾರ್ ಗೊಂಬೆಯ ಮಗ್ಗುಲಲ್ಲೇ ನಿದ್ದೆ. ಇದನ್ನೆಲ್ಲ ನಡೆಸುವವನು ನಾನು. ಪಕ್ಕದ ಸೂಡಿಯಲ್ಲಿ ಹುಟ್ಟಿ ಸುತ್ತಲಿನ ಹಳ್ಳಿಗೆಲ್ಲ ಶನಿಯ ಬಳೆ ತೋರಿಸಿದವನು ನಾನೊಬ್ಬನೇ. ಇನ್ನೊಬ್ಬನಿದ್ದರೆ ಕರೆತನ್ನಿ, ನೋಡೋಣ.

ಕೊರಗು ಒಂದೇ. ಸಂಜೆ ಬುತ್ತಿ ಕಟ್ಟಿಕೊಂಡು ಹೋಗಿ ಮುಂಜಾನೆ ಕೆಂಗಣ್ಣಿನಿಂದ ಮನೆಗೆ ಬರುವ ಮಗನನ್ನು ನೋಡಿ, ಮಗ್ಗದಲ್ಲಿ ಕುಂತ ನಮ್ಮವ್ವ ಕೇಳಿದವರಿಗೆಲ್ಲ ಹೇಳುತ್ತಿದ್ದಳು: "ರಾತ್ರಿ ವಾಚಮನ್ ಅದಾನ್ರಿ. ಚಲೋ ಕೆಲಸ." ಅವಳ ಬಾಯಿಂದ ಒಮ್ಮೆಯಾದರೂ 'ನನ್ನ ಮಗ ಮಾಸ್ತರ' ಅನ್ನಿಸಬೇಕೆಂಬುದು ನನ್ನ ಹಠ.

ತಲೆ ಯಾವ ಕಡೆ

ನರಗುಂದದ ಕಡೆಯ ಸಾಲಿಯೊಂದರ ಮಕ್ಕಳನ್ನು ಕರೆತಂದ ಅಕ್ಕೋರು ಹಾಸಿಗೆ ಹಾಸುವ ಮೊದಲು ಉತ್ತರ ಯಾವ ಕಡೆ ಎಂದು ಕೇಳಿದರು. ಉತ್ತರಕ್ಕೆ ತಲೆ ಇಟ್ಟು ಮಲಗಬಾರದಲ್ಲ. ಬಯಲಲ್ಲಿ ಬೆಳೆದ ನನಗೆ ದಿಕ್ಕು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಕೇಂದ್ರದ ಮರ್ಯಾದೆ ನೋಡಿ, ಮೇಜಿನ ಮೇಲಿದ್ದ ದಿಕ್ಸೂಚಿಯನ್ನು ಗಂಭೀರವಾಗಿ ಪರೀಕ್ಷಿಸಿ, ಗೇಟಿನ ಕಡೆ ಕೈ ತೋರಿಸಿದೆ. ಮಕ್ಕಳೆಲ್ಲ ಗೇಟಿನ ಕಡೆ ಕಾಲು ಚಾಚಿ ಮಲಗಿದರು.

ಮುಂಜಾನೆ ಸೂರ್ಯ ನಾನಂದುಕೊಂಡ ಕಿಟಕಿಯಲ್ಲಿ ಬರಲಿಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದರೆ ನಮ್ಮ ದೊಡ್ಡ ಆಯಸ್ಕಾಂತ ಅಲ್ಲಿ ಕುಂತಿತ್ತು, ಮುಳ್ಳು ಅದರ ಕಡೆ ತಿರುಗಿತ್ತು. ರಾತ್ರಿಯೆಲ್ಲ ಎಲ್ಲರ ತಲೆ ಸರಿಯಾಗಿ ಉತ್ತರಕ್ಕೇ ಇತ್ತು.

"ಅದಕ್ಕ ನೋಡ್ರಿ, ನನಗ ಕಣ್ಣಿಗೆ ಕಣ್ಣ ಹತ್ತಲಿಲ್ಲ," ಅಂದರು ಅಕ್ಕೋರು.

ಹಾಗಾದರೆ ಬೆಳತನಕ ಗೊರಕೆ ಹೊಡೆದದ್ದು ಡೈನೋಸಾರೇ ಇರಬೇಕು.

ಎತ್ತರದ ಜಾಗ

ಹೊಳೆದಂಡೆಯ ಮೆಣಸಗಿಯ ಮಕ್ಕಳು ಬಂದ ದಿನ ಕೈಕಾಲು ತೊಳೆದು ಬರಲು ಹೇಳಿ ಒಳಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಡೈನೋಸಾರ್ ಮದುವೆಗೆ ಹೊರಟ ಎತ್ತಿನಂತೆ ಸಿಂಗಾರಗೊಂಡಿತ್ತು. ಕೊರಳಿಗೆ ಚೀಲ, ಬೆನ್ನ ಮೇಲೆ ಹಾಸಿಗೆ ಸುರುಳಿ, ಹಲ್ಲಿಗೆ ಚಪ್ಪಲಿ. ಯಾರ ಕಿತಾಪತಿ ಇದು ಎಂದು ದನಿ ಏರಿಸಿದೆ.

ಜಡೆ ಬಿಗಿದುಕೊಂಡಿದ್ದ ಒಬ್ಬ ಹುಡುಗಿ ಮುಂದೆ ಬಂದು ಸಮಾಧಾನದಿಂದ ಹೇಳಿದಳು: "ಸರ್ರ, ಹೊಳಿ ಬಂದ್ರ ಸಾಮಾನು ತೋಯ್ತಾವ್ರಿ. ಮೊದಲ ಮ್ಯಾಲ ಇಡಬೇಕ್ರಿ."

ಇದು ಗುಡ್ಡದ ಊರು, ಮಲಪ್ರಭಾ ಇಲ್ಲಿಗೆ ಹತ್ತಿ ಬರುವುದು ಈ ಜನ್ಮದಲ್ಲಿ ಆಗದ ಮಾತು ಎಂದು ನಕಾಶೆ ತೆರೆದು ಪಾಠವನ್ನೇ ಮಾಡಿದೆ. ಅವಳು ಪೂರ್ತಿ ಕೇಳಿದಳು.

"ನಮ್ಮ ಮನಿ ತನಕ ಬರಂಗಿಲ್ಲ ಅಂತನೂ ಹಿಂಗ ಹೇಳಿದ್ರರಿ," ಅಂದಳು.

ನಾನು ನಕಾಶೆ ಮಡಚಿಟ್ಟೆ. ನನ್ನ ಬುತ್ತಿ ಡಬ್ಬಿ ತಂದು ಬಾಲಕ್ಕೆ ಕಟ್ಟಿದೆ. ಹುಡುಗಿ ಬಂದು ನನ್ನ ಗಂಟು ಜಗ್ಗಿ ನೋಡಿ, ಬಿಚ್ಚಿ, ತಾನೇ ಗಟ್ಟಿಯಾಗಿ ಕಟ್ಟಿ ಹೋದಳು. ಮುಂಜಾನೆ ಅದನ್ನು ಬಿಚ್ಚಲು ನನಗೆ ಕತ್ತರಿ ಬೇಕಾಯಿತು.

ಅವ್ವನ ಪಾಳಿ

ಕಡೆಗೊಮ್ಮೆ ಸೀರೆ ನೇಯುವ ಹೆಣ್ಣುಮಕ್ಕಳ ಸಂಘದವರು ವಸ್ತಿ ಬಂದರು. ಕಾಡಿ ಬೇಡಿ ಅವ್ವನನ್ನೂ ಅವರ ಸಂಗಡ ಹೊರಡಿಸಿದೆ. ಇಸ್ತ್ರಿ ಅಂಗಿ ತೊಟ್ಟು, ಮೀಸೆ ತೀಡಿ, ನನ್ನ ಬಂಗಾರದಂಥ ಪ್ರಯೋಗ ತೋರಿಸಿದೆ: ಮಾಳಿಗೆಯಿಂದ ಉದ್ದ ತಂತಿಗೆ ಕಟ್ಟಿದ ಕಬ್ಬಿಣದ ಗುಂಡು ಅತ್ತಿತ್ತ ತೂಗುತ್ತದೆ, ಸುತ್ತ ಬೆರಳುದ್ದದ ಕಟ್ಟಿಗೆ ತುಂಡುಗಳು ನಿಂತಿರುತ್ತವೆ. ಕೆಳಗೆ ಭೂಮಿ ತಿರುಗಿದಂತೆಲ್ಲ ಗುಂಡು ಒಂದೊಂದೇ ತುಂಡಿಗೆ ತಾಗಿ ಉರುಳಿಸುತ್ತ ಹೋಗುತ್ತದೆ.

"ಮುಂಜಾನೆ ಹೊತ್ತಿಗೆ ಹತ್ತಾದ್ರೂ ಬಿದ್ದಿರ್ತಾವ. ಬೀಳದಿದ್ರ ಈ ಮೀಸಿ ಬೋಳಸತೀನಿ," ಅಂದೆ. ಅವ್ವ ಮುಂದಿನ ಸಾಲಲ್ಲೇ ಇದ್ದಳು. ಮಾತಾಡಿ ದಣಿದವನು ಗೋಡೆಗೆ ಒರಗಿ ಮಲಗಿಬಿಟ್ಟೆ.

ಮುಂಜಾನೆ ಕೇಂದ್ರದ ಮುಖ್ಯಸ್ಥರಾದ ನಮ್ಮ ಸಾಹೇಬರೂ ನೋಡಲು ಬಂದರು. ಒಂದು ತುಂಡೂ ಬಿದ್ದಿರಲಿಲ್ಲ. ಎಲ್ಲ ಹೆಣ್ಣುಮಕ್ಕಳ ಕಣ್ಣು ನನ್ನ ಮೀಸೆಯ ಮೇಲೆ. ಭೂಮಿ ನಿಂತೇ ಹೋಯಿತೇನೋ ಎಂದು ನನ್ನ ಎದೆಯೂ ನಿಂತಿತು.

ಆಗ ಅವ್ವ, ನಿದ್ದೆಗೆಟ್ಟ ಕಣ್ಣು ಒರೆಸುತ್ತ, ನನ್ನ ಕಿವಿಯ ಹತ್ತಿರ ಬಂದಳು. ಪಿಸುಮಾತು ಅವಳಿಗೆ ಬರುವುದಿಲ್ಲ. ಮಗ್ಗದ ಸಪ್ಪಳದಲ್ಲಿ ಬೆಳೆದ ದನಿ. "ಅಂಜಬ್ಯಾಡೋ ತಮ್ಮಾ. ನೀ ಮಲಕೊಂಡಿದ್ದಿ, ಅವು ಒಂದೊಂದ ಬೀಳಾಕ ಹತ್ತಿದ್ವು. ಸಾಹೇಬ್ರು ಬೈದಾರಂತ ಎಲ್ಲಾ ಎತ್ತಿ ನಿಲ್ಲಿಸೀನಿ. ಹನ್ನೊಂದು."

ಸಾಹೇಬರು ಯಾವ ಕಡೆಯಿಂದ ಬಿದ್ದವು ಎಂದು ಕೇಳಿದರು. ಬಾಗಿಲ ಕಡೆಯಿಂದ ಸುರು, ಕಿಟಕಿ ಕಡೆಗೆ ಸಾಲಾಗಿ, ನಡುವೆ ಒಂದೂ ಬಿಡದೆ ಬಿದ್ದವೆಂದು ಅವ್ವ ಬೆರಳಿನಿಂದ ತೋರಿಸಿದಳು. ಎಳೆ ಎಣಿಸುವ ಕಣ್ಣು, ತಪ್ಪುವುದಿಲ್ಲ. ಭೂಮಿಯೂ ಉಳಿಯಿತು, ನನ್ನ ಮೀಸೆಯೂ ಉಳಿಯಿತು.

ಸಾಹೇಬರು ನಗು ತಡೆದುಕೊಂಡು ಅಂದರು: "ಅವ್ವಾರ, ನಿಮ್ಮಂಥಾ ವಾಚಮನ್ ನಮಗ ಸಿಕ್ಕಿಲ್ಲ. ನೀವ ಬಂದುಬಿಡ್ರಿ."

ಅವ್ವನ ಮುಖ ಬಾಡಿತು. ಸೆರಗು ಸರಿಪಡಿಸಿಕೊಂಡು ನನ್ನ ಮುಂದೆ ಅಡ್ಡ ನಿಂತಳು.

"ಆ ನೌಕರಿ ನನ್ನ ಮಗಂದು ಐತ್ರಿ, ಬಿಡಿಸಬ್ಯಾಡ್ರಿ. ಬೇಕಾದ್ರ ಅವ ಮಲಗಿದ ಮ್ಯಾಲ ದಿನಾ ನಾ ಬಂದು ಎತ್ತಿ ನಿಲ್ಲಿಸಿ ಹೊಕ್ಕೀನಿ."