ಅನಂತರಾಮು ಅವರ ಸುಪ್ತಾವಸ್ಥೆ

ಜಯನಗರ ನಾಲ್ಕನೇ ಟಿ ಬ್ಲಾಕಿನ ಹಿರಿಯ ನಾಗರಿಕರ ಕ್ಷೇಮಾಭ್ಯುದಯ ಸಂಘದ ಮುನ್ನೂರ ಹದಿನೆಂಟು ಸದಸ್ಯರ ಪೈಕಿ ಇನ್ನೂರ ತೊಂಬತ್ತೊಂದು ಮಂದಿ ಸುಪ್ತಾವಸ್ಥೆಯಲ್ಲಿದ್ದಾರೆ ಎಂಬ ಸಂಗತಿ ಕಳೆದ ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಧಿಕೃತವಾಗಿ ಗೊತ್ತಾಯಿತು. ಅಲ್ಲಿಯವರೆಗೆ ಆ ಇನ್ನೂರ ತೊಂಬತ್ತೊಂದು ಮಂದಿಗೇ ಇದರ ಸುಳಿವಿರಲಿಲ್ಲ. ಅವರು ಎಂದಿನಂತೆ ಪಾರ್ಕಿನಲ್ಲಿ ಆರು ಸುತ್ತು ಹಾಕಿ, ಸಂಘದ ಕೋಣೆಯಲ್ಲಿ ಕೂತು ಪೇಪರ್ ಓದಿ, ಸರ್ಕಾರವನ್ನು ಚೆನ್ನಾಗಿ ಬೈದು, ಮನೆಗೆ ಹೋಗಿ ತಿಂಡಿ ತಿನ್ನುತ್ತಿದ್ದರು.

ಸುಪ್ತರ ಪಟ್ಟಿಯಲ್ಲಿ ಮೊದಲ ಹೆಸರು ಅನಂತರಾಮು ಅವರದು. ಪಟ್ಟಿ ಅಕಾರಾದಿಯಾಗಿತ್ತು, ಅಷ್ಟೇ, ಬೇರೆ ದ್ವೇಷವೇನಿರಲಿಲ್ಲ. ಅನಂತರಾಮು ಸಂಘದ ಗೌರವ ಜಂಟಿ ಕಾರ್ಯದರ್ಶಿ. ಗೌರವ ಇದ್ದುದರಿಂದ ಸಂಬಳವಿರಲಿಲ್ಲ. ಹನ್ನೊಂದು ವರ್ಷದಿಂದ ಬೆಳಿಗ್ಗೆ ಆರೂವರೆಗೆ ಸಂಘದ ಬೀಗ ತೆಗೆಯುವುದು, ಕುರ್ಚಿ ಹಾಕುವುದು, ಫ್ಲಾಸ್ಕಿಗೆ ಬಿಸಿನೀರು ತುಂಬುವುದು, ಎಲ್ಲರೂ ಹೋದ ಮೇಲೆ ಕುರ್ಚಿ ಮಡಚುವುದು ಅವರದೇ ಕೆಲಸ. ಪ್ರತಿ ಸೋಮವಾರ ಸಂಘದ ಕಂಪ್ಯೂಟರಿನ ಮುಂದೆ ಕೂತು ಸದಸ್ಯರೆಲ್ಲರಿಗೂ ಇಮೇಲ್ ಕಳಿಸುವುದೂ ಅವರೇ.

ಆ ಇಮೇಲಿನಲ್ಲೇ ತೊಂದರೆ ಇದ್ದದ್ದು. ಅನಂತರಾಮು ಮೂವತ್ತನಾಲ್ಕು ವರ್ಷ ಸರ್ಕಾರಿ ಇಲಾಖೆಯೊಂದರಲ್ಲಿ ದುಡಿದು ಕಚೇರಿ ಅಧೀಕ್ಷಕರಾಗಿ ನಿವೃತ್ತರಾದವರು. ಪತ್ರವೆಂದರೆ ಅದರ ಜೀವವೆಲ್ಲ 'ವಿಷಯ' ಎಂಬ ಜಾಗದಲ್ಲಿರಬೇಕು, ಕೆಳಗಿನದೆಲ್ಲ ಸಹಿ ಹಾಕಲು ಬೇಕಾದ ಸ್ಥಳ ಎಂದು ನಂಬಿದವರು. ಆದ್ದರಿಂದ ಅವರು ಹೀಗೆ ಬರೆಯುತ್ತಿದ್ದರು: "ವಿಷಯ: ದಿನಾಂಕ 12ರ ಗುರುವಾರ ಬೆಳಿಗ್ಗೆ 7-30ಕ್ಕೆ ಸಂಘದ ಕೋಣೆಯಲ್ಲಿ ಉಚಿತ ಕಣ್ಣಿನ ತಪಾಸಣೆ ಇದ್ದು, ಕನ್ನಡಕ ಉಳ್ಳವರು ಕನ್ನಡಕ ಸಹಿತ ಬರತಕ್ಕದ್ದೆಂದೂ, ಉಪ್ಪಿಟ್ಟು ಇರುವುದಿಲ್ಲವೆಂದೂ ತಿಳಿಸುವ ಬಗ್ಗೆ." ಪತ್ರವನ್ನು ತೆರೆದರೆ ಒಳಗೆ, ಕಂಪ್ಯೂಟರು ತಾನಾಗಿಯೇ ಸೇರಿಸುತ್ತಿದ್ದ ಒಂದೆರಡು ಲಿಂಕು ಬಿಟ್ಟರೆ, ಒಂದೇ ಸಾಲು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೇಲೆ ಕಂಡಂತೆ." ಸದಸ್ಯರು ಒಂದೆರಡು ಸಲ ತೆರೆದು ನೋಡಿ, ಆಮೇಲೆ ತೆರೆಯುವ ಗೋಜಿಗೆ ಹೋಗಲಿಲ್ಲ. ಹೊರಗಿನಿಂದಲೇ ಓದಿಕೊಂಡು ಏಳೂವರೆಗೆ ಸರಿಯಾಗಿ ಕನ್ನಡಕ ಸಹಿತ ಬಂದರು. ಇನ್ನು ಅನಂತರಾಮು ಅವರಂತೂ ಒಂದು ಪತ್ರವನ್ನೂ ತೆರೆದಿರಲಿಲ್ಲ. ತಾವೇ ಬರೆದದ್ದನ್ನು ತಾವೇ ಬಿಚ್ಚಿ ಓದುವಷ್ಟು ತಲೆ ಅವರಿಗಿನ್ನೂ ಕೆಟ್ಟಿರಲಿಲ್ಲ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಅಧ್ಯಕ್ಷ ಶಶಿಕಾಂತ್ ಅವರಿಗೆ ಮಂಡಿನೋವಿನ ಎಣ್ಣೆ ತಯಾರಿಸುವ ಕಂಪನಿಯೊಂದರ ಪರಿಚಯವಾಯಿತು. ಸಂಘದ ಇಮೇಲಿನಲ್ಲಿ ಎಣ್ಣೆಯ ಜಾಹೀರಾತು ಹಾಕಿದರೆ ಕೋಣೆಗೆ ಏಸಿ, ಅಧ್ಯಕ್ಷರಿಗೆ ಮೈಸೂರು ಪೇಟ ಎಂದು ಕಂಪನಿ ಒಪ್ಪಿತು. ಆದರೆ ಒಂದು ಷರತ್ತು: ಪತ್ರ ತೆರೆಯುವ ಸದಸ್ಯರು ನೂರಕ್ಕೆ ತೊಂಬತ್ತಾದರೂ ಇರಬೇಕು. ಇದನ್ನು ಪರಿಶೀಲಿಸಲು ಶಶಿಕಾಂತ್ ತಮ್ಮ ಅಳಿಯನ ತಮ್ಮ ಮಯೂರ್‌ನನ್ನು ಸಲಹೆಗಾರನಾಗಿ ನೇಮಿಸಿದರು. ಕಳಿಸಿದ ಇಮೇಲನ್ನು ಯಾರು ತೆರೆದರು, ಯಾರು ತೆರೆಯಲಿಲ್ಲ ಎಂದು ಕಂಪ್ಯೂಟರಿನಲ್ಲಿ ಎಣಿಸುವುದೇ ಬಿಟಿಎಂ ಲೇಔಟಿನಲ್ಲಿ ಮಯೂರ್‌ನ ಕಸುಬು. ನೇಮಕಾತಿಗೆ ಟೆಂಡರ್ ಕರೆಯಲಾಗಿತ್ತು; ಕರೆದದ್ದು ಊಟಕ್ಕೆ ಕೂತಾಗ.

ಮಯೂರ್ ಮೂರು ದಿನ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದು ಎದ್ದ. ಅವನು ಹೇಳಿದ್ದನ್ನು ಅನಂತರಾಮು ಸರ್ಕಾರಿ ಕನ್ನಡಕ್ಕೆ ತಂದು, ತಾವೇ ಟೈಪು ಮಾಡಿ, ತಾವೇ ಗೋಂದು ಹಚ್ಚಿ ಸೂಚನಾ ಫಲಕಕ್ಕೆ ಅಂಟಿಸಿದರು.

"ಸುತ್ತೋಲೆ 1: ಸಂಘದ ಇಮೇಲನ್ನು ತೆರೆದು ಅದರೊಳಗಿನ ಲಿಂಕನ್ನು ಒತ್ತುವವರನ್ನು ಉತ್ಸಾಹಿಗಳೆಂದೂ, ತೆರೆದು ಸುಮ್ಮನಾಗುವವರನ್ನು ಸಾಧಾರಣರೆಂದೂ, ಆರು ತಿಂಗಳಿಂದ ತೆರೆಯದವರನ್ನು ಸುಪ್ತರೆಂದೂ ಪರಿಗಣಿಸತಕ್ಕದ್ದು. ಕಿಟಕಿ ಪಕ್ಕದ ಕುರ್ಚಿ, ಬಿಸಿನೀರಿನ ಫ್ಲಾಸ್ಕ್ ಹಾಗೂ ಫಿಸಿಯೋಥೆರಪಿ ಮಂಚವನ್ನು ಸುಪ್ತರಿಗೆ ನೀಡತಕ್ಕದ್ದಲ್ಲ. ಸದಸ್ಯರು ಖುದ್ದಾಗಿ ಬರುವುದನ್ನು ಉತ್ಸಾಹವೆಂದು ಪರಿಗಣಿಸಲಾಗದು."

ಕುರ್ಚಿ ಹೋಗಲಿ, ಫ್ಲಾಸ್ಕೂ ಹೋಗಲಿ. ಮಂಚದ ಮಾತು ಬಂದಾಗ ಅನಂತರಾಮು ಗೋಂದಿನ ಬಾಟಲಿ ಕೆಳಗಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದರು. ಅವರ ಹೆಂಡತಿ ಸೀತಾಲಕ್ಷ್ಮಿಗೆ ಮಂಡಿ ಆಪರೇಷನ್ ಆಗಿ ಹದಿನೈದು ದಿನವಾಗಿತ್ತು. ಇನ್ನೆರಡು ತಿಂಗಳು ಬಿಡದೆ ವ್ಯಾಯಾಮ ಮಾಡಿಸದಿದ್ದರೆ ಮಂಡಿ ಬಿಗಿದುಕೊಂಡುಬಿಡುತ್ತದೆ, ಆಮೇಲೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮನೆ ಮೊದಲ ಮಹಡಿಯಲ್ಲಿ, ಹದಿನೆಂಟು ಮೆಟ್ಟಿಲು. ಸೀತಾಲಕ್ಷ್ಮಿ ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ದೇವರನ್ನು ಕರೆಯುತ್ತಾ ಇಳಿದು, ತಿಲಕ್ ನಗರದಿಂದ ಬರುವ ಫಿಸಿಯೋಥೆರಪಿಸ್ಟ್ ವನಿತಾ ಹತ್ತಿರ ಮಂಗಳವಾರ, ಶುಕ್ರವಾರ ವ್ಯಾಯಾಮ ಮಾಡಿಸಿಕೊಳ್ಳುತ್ತಿದ್ದರು. ಈಗ ಆ ಎರಡೂ ದಿನ ಹನುಮಯ್ಯನವರಿಗೆ ಮಂಜೂರಾಗಿತ್ತು. ಸಂಘದ ಅತ್ಯಂತ ಉತ್ಸಾಹಿ ಸದಸ್ಯರು ಅವರೇ ಎಂದು ಮಯೂರ್‌ನ ವರದಿ ಹೇಳಿತ್ತು.

ಅನಂತರಾಮು ಮಯೂರ್‌ನನ್ನು ಕಂಡರು.

"ಹನುಮಯ್ಯ ತೀರ್ಕೊಂಡು ಒಂದೂವರೆ ವರ್ಷ ಆಯ್ತಲ್ಲಪ್ಪ. ನಾನೇ ಬನಶಂಕರಿ ಚಿತಾಗಾರದ ತನಕ ಹೋಗಿ ಬಂದಿದ್ದೀನಿ."

"ಇರಬಹುದು ಅಂಕಲ್," ಎಂದ ಮಯೂರ್ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ. "ಆದ್ರೆ ಅವ್ರು ಹೋದ ಸೋಮವಾರ ನಿಮ್ಮ ಮೇಲ್ ಬಂದ ಎರಡೇ ಸೆಕೆಂಡಲ್ಲಿ ಓಪನ್ ಮಾಡಿದ್ದಾರೆ. ಇರೋ ಲಿಂಕೆಲ್ಲಾ ಕ್ಲಿಕ್ ಮಾಡಿದ್ದಾರೆ. ನೀವು?"

ನಡೆದದ್ದಿಷ್ಟು: ಹನುಮಯ್ಯ ಸಂಘಕ್ಕೆ ಕೊಟ್ಟಿದ್ದದ್ದು ತಾವು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಇಮೇಲ್ ವಿಳಾಸ. ಆ ಕಾರ್ಖಾನೆಯ ಕಂಪ್ಯೂಟರು ಹೊರಗಿನಿಂದ ಬಂದ ಪ್ರತಿಯೊಂದು ಪತ್ರವನ್ನೂ ತಾನೇ ಬಿಚ್ಚಿ, ಒಳಗಿನ ಲಿಂಕುಗಳನ್ನೆಲ್ಲ ಒತ್ತಿ, ವೈರಸ್ ಇದೆಯೇ ಎಂದು ತಡಕುತ್ತಿತ್ತು. ಹನುಮಯ್ಯ ಹೋದಾಗ ಸದಸ್ಯರ ಪುಸ್ತಕದಿಂದ ಅವರ ಹೆಸರು ಹೊಡೆದುಹಾಕಿದ್ದರು. ಕಂಪ್ಯೂಟರಿನಿಂದ ತೆಗೆಯಲು ಮಾತ್ರ ಅನಂತರಾಮು ಅವರಿಗೆ ಮನಸ್ಸು ಬಂದಿರಲಿಲ್ಲ. ಇಬ್ಬರೂ ದಿನಾ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದವರು.

"ಸರಿ, ಇನ್ಮೇಲೆ ನಾನೂ ತೆರೆದು ನೋಡ್ತೀನಿ ಬಿಡು," ಎಂದರು ಅನಂತರಾಮು.

"ಆಗಲ್ಲ ಅಂಕಲ್. ಸುಪ್ತರಿಗೆ ಮೇಲ್ ಕಳ್ಸೋದು ಸ್ಟಾಪ್ ಮಾಡಿದ್ದೀವಿ."

"ಕಳಿಸ್ದೇನೇ ಹೆಂಗಪ್ಪ ತೆರೆಯೋದು?"

"ಅದೇ ನೋಡಿ, ಮುಂಚೆನೇ ತೆರೆದಿದ್ರೆ ಕಳಿಸ್ತಾ ಇದ್ವಿ."

ಅನಂತರಾಮು ಕುರ್ಚಿ ಮಡಚಿ, ಬೀಗ ಹಾಕಿ ಮನೆಗೆ ಹೋದರು. ಮಂಗಳವಾರ ಬಂತು. ವನಿತಾ ಖಾಲಿ ಮಂಚದ ಪಕ್ಕ ಮುಕ್ಕಾಲು ಗಂಟೆ ಕೂತಳು. ಎದುರಿನ ಬೆಂಚಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದ ಸೀತಾಲಕ್ಷ್ಮಿಯ ಕಡೆ ನೋಡಲಾಗದೆ ನೋಡಿದಳು. ಆಮೇಲೆ ರಿಜಿಸ್ಟರಿನಲ್ಲಿ "ಶ್ರೀ ಹನುಮಯ್ಯ. ರೋಗಿಯು ಯಾವ ನೋವನ್ನೂ ಹೇಳಿಕೊಳ್ಳಲಿಲ್ಲ" ಎಂದು ಬರೆದು ಎದ್ದಳು. ಹಾಗೆ ಬರೆಯದಿದ್ದರೆ ಅವಳ ಸಂಬಳ ಆಗುತ್ತಿರಲಿಲ್ಲ.

ಜುಲೈನಲ್ಲಿ ಎರಡನೇ ಸುತ್ತೋಲೆ ಬಂತು. ಸುಪ್ತರಿಗೆ ಕೊನೆಯದಾಗಿ ಒಂದು ಅವಕಾಶ. ಅವರಿಗೆಲ್ಲ ಅಂತಃಕರಣದಿಂದ ಕೂಡಿದ ಒಂದು ಪತ್ರ ಹೋಗುತ್ತದೆ. ಅದರಲ್ಲಿ 'ನಾನಿದ್ದೇನೆ' ಎಂಬ ಗುಂಡಿ ಇರುತ್ತದೆ. ಎಪ್ಪತ್ತೆರಡು ಗಂಟೆಯೊಳಗೆ ಒತ್ತದವರನ್ನು 'ಅಸ್ತಮಿತರು' ಎಂದು ಘೋಷಿಸಿ ಪಟ್ಟಿಯಿಂದ ತೆಗೆಯಲಾಗುವುದು. ಒಮ್ಮೆಲೇ ತೆಗೆದರೆ ಗಲಾಟೆಯಾಗುತ್ತದೆಂದು ಅಕಾರಾದಿಯಾಗಿ ಪ್ರತಿ ಭಾನುವಾರ ಹತ್ತು ಮಂದಿಯಂತೆ ತೆಗೆಯಲು ಕಾರ್ಯಕಾರಿ ಸಮಿತಿ ನಿರ್ಧರಿಸಿತು. ಮೊದಲ ಭಾನುವಾರ ಮಾತ್ರ ಪ್ರಾಯೋಗಿಕವಾಗಿ ಒಬ್ಬರೇ.

"ರಾಮು, ಪತ್ರ ನೀವೇ ಬರೀರಿ," ಎಂದರು ಶಶಿಕಾಂತ್. "ಓದಿದವರ ಕಣ್ಣಲ್ಲಿ ನೀರು ಬರ್ಬೇಕು."

ಅನಂತರಾಮು ಬರೆದರು: "ವಿಷಯ: ತಾವು ಬಹು ದಿನಗಳಿಂದ ಸಂಪರ್ಕದಲ್ಲಿಲ್ಲದ ಕಾರಣ ಸಂಘವು ತಮ್ಮನ್ನು ನೆನೆದು ದುಃಖಿಸುತ್ತಿದ್ದು, ತಾವು ಇದ್ದೀರೆಂಬುದನ್ನು 72 ಗಂಟೆಗಳೊಳಗಾಗಿ ಗುಂಡಿ ಒತ್ತಿ ದೃಢೀಕರಿಸತಕ್ಕದ್ದೆಂಬ ಬಗ್ಗೆ." ವಿಷಯವೆಲ್ಲ ಹೊರಗೇ ಇದ್ದುದರಿಂದ ಇನ್ನೂರ ತೊಂಬತ್ತು ಮಂದಿ ಅದನ್ನು ಓದಿ, ಪಾಪ ಯಾರಿಗೋ ಹೀಗಾಗಿದೆ ಎಂದು ಮರುಗಿ, ತೆರೆಯದೆ ಬಿಟ್ಟರು.

ಅನಂತರಾಮು ಒಬ್ಬರೇ ಗುಂಡಿ ಒತ್ತಿದ್ದು. ಮನೆಯಲ್ಲಿದ್ದದ್ದು ಹಳೆಯ ಡಬ್ಬಾ ಫೋನಾದ್ದರಿಂದ ಸಂಘದ ಕಂಪ್ಯೂಟರಿನಲ್ಲೇ ಪತ್ರ ತೆರೆದು, ಕನ್ನಡಕ ಒರೆಸಿಕೊಂಡು 'ನಾನಿದ್ದೇನೆ' ಎಂಬುದನ್ನು ಒತ್ತಿದರು. ಭದ್ರತೆಗಿರಲಿ ಎಂದು ಇನ್ನೆರಡು ಸಲ ಒತ್ತಿದರು.

ಗುರುವಾರ ಸಂಜೆ ಮಯೂರ್ ಬಂದ. "ಅಂಕಲ್, ನಿಮ್ಮದು ಬಂದಿಲ್ಲ."

"ಮೂರು ಸಲ ಒತ್ತಿದ್ದೀನಿ ಕಣಯ್ಯ!"

"ಎಲ್ಲಿಂದ? ಆಫೀಸ್ ಕಂಪ್ಯೂಟರಿಂದಾನಾ? ಅಯ್ಯೋ, ಕಳಿಸೋ ಕಂಪ್ಯೂಟರಿಂದ ಒತ್ತಿದ್ದನ್ನ ಸಿಸ್ಟಮ್ ತಗೊಳ್ಳಲ್ಲ ಅಂಕಲ್. ಟೆಸ್ಟಿಂಗ್ ಅನ್ಕೊಂಡು ತೆಗೆದುಹಾಕುತ್ತೆ."

"ಈಗ ನಿನ್ನ ಮುಂದೆ ನಿಂತಿದ್ದೀನಲ್ಲ, ಇದಕ್ಕೇನಂತೀಯ?"

ಮಯೂರ್ ಅವರನ್ನು ಮೇಲಿಂದ ಕೆಳಗೆ ನೋಡಿದ. ಹುಡುಗ ಕೆಟ್ಟವನೇನಲ್ಲ. "ಅದನ್ನ ಅಳೆಯೋಕೆ ಆಗಲ್ಲ ಅಂಕಲ್," ಎಂದು ಬೇಜಾರಿನಿಂದಲೇ ಹೇಳಿದ.

ಅಂದು ಅನಂತರಾಮು ಅವರಿಗೆ ನಿಜಕ್ಕೂ ನೋವಾಯಿತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಸಂಘದ ಬಾಗಿಲು ತಡವಾಗಿ ತೆರೆದವರಲ್ಲ ಅವರು. ಆದರೂ ಕಡತದಲ್ಲಿ ಇಲ್ಲದ್ದನ್ನು ಇದೆ ಎಂದು ವಾದಿಸುವುದು ಅವರ ಸೇವಾ ಜೀವನದ ಪಾಠಕ್ಕೆ ವಿರುದ್ಧವಾಗಿತ್ತು. ಪಿಂಚಣಿದಾರರು ಜೀವಂತ ಪ್ರಮಾಣಪತ್ರವಿಲ್ಲದೆ ಎದುರು ಬಂದು ನಿಂತಾಗ ಅವರೇ ಎಷ್ಟೋ ಜನರನ್ನು ವಾಪಸ್ಸು ಕಳಿಸಿದ್ದರು.

ಈಗ ಸಂಘದ ಬೈಲಾ ಮಾತಾಡಿತು. 1994ರ ಬೈಲಾದ ಹತ್ತೊಂಬತ್ತನೇ ಕಲಮಿನ ಪ್ರಕಾರ, ಪಟ್ಟಿಯಿಂದ ಹೆಸರು ಹೋದ ಸದಸ್ಯರಿಗೆ ಸಂತಾಪ ಸಭೆ ನಡೆಸತಕ್ಕದ್ದು. ಕಾರಣ ಕೇಳಬೇಕೆಂದು ಅದರಲ್ಲಿಲ್ಲ. ಅಲ್ಲಿಯವರೆಗೆ ಪಟ್ಟಿಯಿಂದ ಹೋಗುವುದಕ್ಕೆ ಇದ್ದದ್ದು ಒಂದೇ ದಾರಿ. ಭಾನುವಾರ ಎಂಟು ಗಂಟೆಗೆ ಸಭೆ. ಅನಂತರಾಮು ಬೆಳಿಗ್ಗೆ ಬಂದು ಕುರ್ಚಿ ಹಾಕಿದರು. ಫೋಟೋ ಬೇಕೆಂದದ್ದಕ್ಕೆ ಪಿಂಚಣಿ ಪುಸ್ತಕದಿಂದ ಪಾಸ್‌ಪೋರ್ಟ್ ಸೈಜಿನದನ್ನು ಬಿಡಿಸಿ ತಂದರು. ಹಾರ ಫೋಟೋಗಿಂತ ದೊಡ್ಡದಾಗಿ ಮುಖ ಕಾಣದೆ ಹೋಯಿತು. "ಅನಂತರಾಮು ಅವರ ಸ್ಥಾನ ತುಂಬಲಾರದ್ದು," ಎಂದರು ಶಶಿಕಾಂತ್. ಮೈಕು ಗೊರಗೊರ ಎಂದಾಗ ಅನಂತರಾಮು ಎದ್ದು ಹೋಗಿ ವೈರು ಸರಿಮಾಡಿದರು. ಎರಡು ನಿಮಿಷದ ಮೌನದಲ್ಲಿ ಅವರೂ ತಲೆ ಬಗ್ಗಿಸಿ ನಿಂತರು. ಗಡಿಯಾರ ನೋಡಿ ಎರಡು ನಿಮಿಷ ಆಯಿತೆಂದು ಹೇಳುವ ಕೆಲಸವೂ ಅವರದೇ ಆಗಿತ್ತು.

ಸಭೆ ಮುಗಿದ ಮೇಲೆ ಅವರು ಬೀಗದ ಕೈಯನ್ನು ಅಧ್ಯಕ್ಷರ ಮುಂದೆ ಇಟ್ಟರು.

"ಅಯ್ಯೋ, ಇದ್ಯಾಕೆ?" ಎಂದರು ಶಶಿಕಾಂತ್. "ನೀವು ಪಟ್ಟಿಯಿಂದ ಹೋಗಿದ್ದೀರಿ, ಕೆಲಸದಿಂದ ಅಲ್ವಲ್ಲ! ನಾಳೆ ಸೋಮವಾರ, ಮೇಲ್ ಕಳಿಸ್ಬೇಕು, ಮರೀಬೇಡಿ."

ಬೀಗದ ಕೈಯನ್ನು ಮತ್ತೆ ಜೇಬಿಗಿಳಿಸಿ ಅನಂತರಾಮು ಬೈಲಾವನ್ನು ಸ್ವಸ್ಥಾನಕ್ಕೆ ಸೇರಿಸಲು ಹೋದರು. ಮೂವತ್ತನಾಲ್ಕು ವರ್ಷದ ಅಭ್ಯಾಸ, ಕಲಮನ್ನು ಪೂರ್ತಿ ಓದದೆ ಪುಸ್ತಕ ಮುಚ್ಚುವವರಲ್ಲ. ಹತ್ತೊಂಬತ್ತನೇ ಕಲಮಿಗೆ ಒಂದು ಉಪಕಲಮಿತ್ತು: "ಅಗಲಿದ ಸದಸ್ಯರ ಪತ್ನಿಯು ಸಂಘದ ಎಲ್ಲ ಸೌಲಭ್ಯಗಳಿಗೆ ಜೀವಮಾನಪೂರ್ತಿ ಪ್ರಥಮ ಆದ್ಯತೆ ಹೊಂದತಕ್ಕದ್ದು."

ಮನೆಗೆ ಹೋಗಿ ಹೆಂಡತಿಯ ಎದುರು ಕೂತರು. ಎರಡು ಸಲ ಕೆಮ್ಮಿ, ಮೂರನೇ ಸಲ ಹೇಳಿದರು.

ಸೀತಾಲಕ್ಷ್ಮಿ ಸೋಫಾದ ಮೇಲೆ ಚಾಚಿದ್ದ ಕಾಲನ್ನೇ ನೋಡುತ್ತಾ ಕೇಳಿಸಿಕೊಂಡರು. ಆ ಕಾಲು ಈಗ ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ.

"ನನ್ನ ಕುಂಕುಮ ಅಳಿಸ್ಬೇಕು ಅಂತಾರಾ?"

"ಇಲ್ಲ ಇಲ್ಲ. ಅರ್ಜಿಗೆ ಸಹಿ ಹಾಕಿದ್ರೆ ಸಾಕು."

"ಮತ್ತೇನು? ಮಂಡಿ ಸರಿಹೋಗೋದಾದ್ರೆ ಅವರ ಕಾಗದದ ಮೇಲೆ ನೀವು ಸತ್ರೂ ಪರವಾಗಿಲ್ಲ. ನಾಲ್ಕು ಗಂಟೆ ಕಾಫಿಗೆ ಮನೇಲಿದ್ರಾಯ್ತು. ಕೊಡಿ ಇಲ್ಲಿ ಪೆನ್ನು."

ಅರ್ಜಿ ಅದೇ ವಾರ ಮಂಜೂರಾಯಿತು. ಮಂಚವನ್ನು ಬಿಟ್ಟುಕೊಡಲು ಹನುಮಯ್ಯನವರ ಒಪ್ಪಿಗೆ ಬೇಕೆಂದು ಅವರಿಗೆ ಮಯೂರ್ ಪತ್ರ ಬರೆದ. ಎರಡೇ ಸೆಕೆಂಡಿನಲ್ಲಿ ಹನುಮಯ್ಯನವರು ಒಪ್ಪಿಗೆಯ ಗುಂಡಿ ಒತ್ತಿದರು. "ನೋಡಿ, ಎಂಥಾ ದೊಡ್ಡ ಮನಸ್ಸು," ಎಂದು ಶಶಿಕಾಂತ್ ಗದ್ಗದಿತರಾಗಿ, ಅವರನ್ನೇ ವರ್ಷದ ಸದಸ್ಯರೆಂದು ಘೋಷಿಸಿ ಖಾಲಿ ಕುರ್ಚಿಗೆ ಶಾಲು ಹೊದಿಸಿದರು.

ಸುದ್ದಿ ಪಾರ್ಕಿನಲ್ಲಿ ಹಬ್ಬಿತು. ಟಿ ಬ್ಲಾಕಿನಲ್ಲಿ ಮಂಡಿ ಸರಿಯಿರುವ ಹೆಂಗಸರು ಕಡಿಮೆ. ಮುಂದಿನ ಸೋಮವಾರವೇ ವೆಂಕಟಸ್ವಾಮಿ ಎಂಬ ಸದಸ್ಯರು ಅರ್ಜಿ ಹಿಡಿದು ಬಂದರು. "ಸಾರ್, 'ವ' ಬರೋ ಅಷ್ಟ್ರಲ್ಲಿ ದಸರಾ ಕಳೆದಿರುತ್ತೆ. ನಮ್ಮನೆಯವಳಿಗೆ ನಿಲ್ಲೋಕೇ ಆಗ್ತಿಲ್ಲ. ನನ್ನ ಸಂತಾಪ ಸ್ವಲ್ಪ ಬೇಗ ಮಾಡ್ಸಿ." ಅವರ ಹಿಂದೆ ಇನ್ನೂ ಹದಿನಾರು ಮಂದಿ ನಿಂತಿದ್ದರು. ಅನಂತರಾಮು ಎಲ್ಲರ ಅರ್ಜಿಗೂ ಸ್ವೀಕೃತಿ ಮೊಹರು ಹಾಕಿ ಕೊಟ್ಟರು. ಅರ್ಜಿಗಳು ಹೆಚ್ಚಿದಂತೆ ವಾರಕ್ಕೆ ಹತ್ತೇ ಮಂದಿ ಎಂಬ ಮಿತಿಯನ್ನು ಸಮಿತಿ ಕೈಬಿಟ್ಟಿತು. ದಸರೆಯೊಳಗೆ ಸಂಘದ ಕಂಪ್ಯೂಟರಿನಲ್ಲಿ ಇಪ್ಪತ್ತೇಳು ಮಂದಿ ಉಳಿದರು, ಪತ್ರ ತೆರೆಯುವವರು ನೂರಕ್ಕೆ ನೂರಾದರು, ಕೋಣೆಗೆ ಏಸಿ ಬಂತು. ಅಗಲಿದವರೆಲ್ಲ ಬೆಳಿಗ್ಗೆ ಅದರ ಕೆಳಗೆ ಕೂತು ಪೇಪರ್ ಓದುತ್ತಾರೆ.

ಸೀತಾಲಕ್ಷ್ಮಿಯ ಮಂಡಿ ಈಗ ಪೂರ್ತಿ ಮಡಚುತ್ತದೆ. ಕೊನೆಯ ಶುಕ್ರವಾರ ಅವರು ಮಂಚದಿಂದ ತಾವಾಗಿಯೇ ಇಳಿದು ನಿಂತಾಗ ಅನಂತರಾಮು ಅವರ ಕಣ್ಣು ತುಂಬಿ ಬಂತು. ವನಿತಾ ರಿಜಿಸ್ಟರ್ ತೆರೆದು 'ರೋಗಿಯ ಹೆಸರು' ಎಂಬಲ್ಲಿ ಸೀತಾಲಕ್ಷ್ಮಿ ಎಂದೂ, 'ಜೊತೆಗೆ ಬಂದವರು' ಎಂಬಲ್ಲಿ ಗಂಡ, ಅನಂತರಾಮು ಎಂದೂ ಬರೆದಳು. ಅವರು ಕನ್ನಡಕ ಏರಿಸಿಕೊಂಡು ಒಮ್ಮೆ ಓದಿದರು.

"ಹೆಸರಿನ ಹಿಂದೆ 'ದಿವಂಗತ' ಅಂತ ಸೇರಿಸಮ್ಮ," ಎಂದರು. "ನಾಳೆ ಆಡಿಟ್‌ನವರು ಬಂದ್ರೆ ನಿನಗೆ ತೊಂದರೆ."

ವನಿತಾ ಸೇರಿಸಿದಳು. ಅನಂತರಾಮು ಅದರ ಪಕ್ಕದಲ್ಲಿ ಸಹಿ ಹಾಕಿ, ಹೆಂಡತಿಯನ್ನು ಆಟೋ ಹತ್ತಿಸಿ, ಕುರ್ಚಿ ಮಡಚಲು ಒಳಗೆ ಹೋದರು.