ಹನ್ನೊಂದನೇ ಮನೆಯ ಕಿಟಕಿ ಗಾಜು ಒಡೆದದ್ದಕ್ಕೆ ಸಮಜಾಯಿಷಿ

ಹಳೆಯ ಕಟ್ಟಡಗಳ ಇಂಧನ ಉಳಿತಾಯ ಹಾಗೂ ಹವಾಮಾನ ಸನ್ನದ್ಧತಾ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಮೂರನೇ ಮಹಡಿಯ ಹನ್ನೊಂದನೇ ಮನೆಯಿಂದ, ಒಡೆದ ಕಿಟಕಿಯೊಂದರ ಪಕ್ಕದಲ್ಲಿ ಕುಳಿತು, ಅಲ್ಲಿಂದ ಧಾರಾಳವಾಗಿ ಬರುತ್ತಿರುವ ಗಾಳಿಗೆ ಕಾಗದ ಹಾರಿಹೋಗದಂತೆ ಕನ್ನಡಕದ ಡಬ್ಬಿಯನ್ನು ಅದರ ಮೇಲೆ ಹೇರಿ, ತಮಗೆ ಅನಂತಾನಂತ ನಮಸ್ಕಾರಗಳನ್ನು ಸಲ್ಲಿಸುತ್ತಾ ಬರೆಯುತ್ತಿದ್ದೇನೆ. ತಾವು ದಯಮಾಡಿ ಕಳಿಸಿದ ನೋಟೀಸು ತಲುಪಿತು. ಕಟ್ಟಡದ ಉಷ್ಣ ಕವಚಕ್ಕೆ ಉದ್ದೇಶಪೂರ್ವಕ ಹಾನಿ ಮಾಡಿರುವ ಬಗ್ಗೆ ನಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂದು ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದೆಂದು ಕೇಳಿದ್ದೀರಿ. ಉಷ್ಣ ಕವಚ ಎಂದರೆ ನಮ್ಮ ಕಿಟಕಿಯ ಗಾಜು ಎಂದು ಅರ್ಥ ಮಾಡಿಕೊಳ್ಳಲು ನನಗೇನೂ ಕಷ್ಟವಾಗಲಿಲ್ಲ, ಏಕೆಂದರೆ ನಾನು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು. ಇಂಥ ನೋಟೀಸುಗಳನ್ನು ಮೂರು ಮೂರು ಕಾರ್ಬನ್ ಪ್ರತಿಗಳ ಸಮೇತ ಕುಟ್ಟಿ ಕುಟ್ಟಿ ನನ್ನ ಬೆರಳ ತುದಿಗಳು ಚಪ್ಪಟೆಯಾಗಿವೆ. ಊರಿಗೆಲ್ಲ ನೋಟೀಸು ಹೊಡೆದವಳಿಗೆ ಕೊನೆಗಾಲದಲ್ಲಿ ಒಂದಾದರೂ ಬಂತಲ್ಲ ಎಂದು ಮನಸ್ಸು ತುಂಬಿ ಬಂತು.

ಮೊದಲು ಅಭಿನಂದನೆ, ಆಮೇಲೆ ಸಮಜಾಯಿಷಿ. ಅರವತ್ತೆರಡು ವರ್ಷದ ನಮ್ಮ ಕಟ್ಟಡವನ್ನು ಮುಂದಿನ ಕಾಲದ ಬಿಸಿಲಿಗೆ ಸಜ್ಜುಗೊಳಿಸಬೇಕೆಂಬ ತಮ್ಮ ಉದ್ದೇಶದ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂಬುದು ತಾರಸಿಯ ಕೆಳಗೇ ಇರುವ ನಮ್ಮ ಮನೆಗೆ ತಮ್ಮ ಕಚೇರಿಗಿಂತ ಮೊದಲೇ ಗೊತ್ತಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ತಾರಸಿ ಕಾದ ಕಾವಲಿಯಾಗಿ, ಫ್ಯಾನು ತಿರುಗಿದರೆ ಬಿಸಿಯನ್ನೇ ತಂದು ಮುಖಕ್ಕೆ ಬಡಿಯುತ್ತಿತ್ತು. ಆದ್ದರಿಂದ ತಾವು ಬಂದು ನವೀಕರಣ ಮಾಡುತ್ತೇವೆ ಎಂದಾಗ ಹನ್ನೆರಡೂ ಮನೆಯವರು ಹಿಂದೆಮುಂದೆ ನೋಡದೆ ಸಹಿ ಹಾಕಿದೆವು. ತಾರಸಿಗೆ ಬಿಳಿ ಬಣ್ಣ ಬಳಿಸಿದಿರಿ. ಒಳ್ಳೆಯ ಕೆಲಸ, ನಿಜವಾಗಿಯೂ ತಂಪಾಯಿತು. ಅಷ್ಟಕ್ಕೇ ನಿಲ್ಲಿಸಿ ತಾವು ಮನೆಗೆ ಹೋಗಿದ್ದರೆ ಮೆಟ್ಟಿಲ ಬುಡದಲ್ಲಿ ತಮ್ಮ ಫೋಟೋ ಹಾಕಿಸುತ್ತಿದ್ದೆವು.

ತಾವು ಹೋಗಲಿಲ್ಲ. ನಮ್ಮ ಮರದ ಕಿಟಕಿಗಳನ್ನು ಕೀಳಿಸಿ, ಎರಡು ಪದರದ, ತೆರೆಯಲು ಬಾರದ ಗಾಜುಗಳನ್ನು ಕೂರಿಸಿದಿರಿ. ಪ್ರತಿ ಬಾಗಿಲ ಮೇಲೂ ಕಟ್ಟಿದವರು ಬಿಟ್ಟಿದ್ದ ವೆಂಟಿಲೇಟರುಗಳನ್ನು ಸಿಮೆಂಟು ಮೆತ್ತಿ ಮುಚ್ಚಿದಿರಿ. ಸುಣ್ಣದ ಗೋಡೆಗಳ ಮೇಲೆ ಥರ್ಮೋಕೋಲಿನಂಥ ಹಲಗೆಗಳನ್ನು ಅಂಟಿಸಿ, ಮಹಡಿಗೊಂದರಂತೆ ಗಾಳಿ ಯಂತ್ರ ಇಟ್ಟಿರಿ. ತಮ್ಮದೇ ಕೆಲಸಕ್ಕೆ ಬಂದಿದ್ದ ಮುದುಕ ಮೇಸ್ತ್ರಿ, ನಲವತ್ತು ವರ್ಷ ಕರಣೆ ಹಿಡಿದ ಮನುಷ್ಯ, ವೆಂಟಿಲೇಟರಿನ ಕೆಳಗೆ ಏಣಿ ಇಟ್ಟುಕೊಂಡು, "ಇದನ್ನ ಮುಚ್ಚಿದ್ರೆ ಬಿಸಿಗಾಳಿ ಎಲ್ಲಿಗೆ ಹೋಗ್ಬೇಕು ಸಾರ್? ಕಿಟಕಿಗೆ ಹೊರಗಡೆಯಿಂದ ನೆರಳು ಕೊಡಿ ಸಾಕು" ಎಂದು ತಮ್ಮ ಇಂಜಿನಿಯರನ್ನು ಕೇಳಿದ್ದನ್ನು ಕೆಲಸ ಶುರುವಾದ ದಿನ ನಾನು ಕಿವಿಯಾರೆ ಕೇಳಿದ್ದೇನೆ. ಇಂಜಿನಿಯರು ನಕ್ಷೆಯಿಂದ ತಲೆ ಎತ್ತದೆ, "ನಿನಗ್ಯಾಕಯ್ಯಾ ಅದೆಲ್ಲ, ಗಾಳಿ ಬಂದ್ರೆ ತಾನೆ ಬಿಸಿ ಬರೋದು? ಗಾಳಿನೇ ಬಿಡಲ್ಲ" ಎಂದರು. ಸಮಸ್ಯೆಯ ಬುಡಕ್ಕೇ ಕೈ ಹಾಕುವ ಇಂಥ ಪ್ರತಿಭೆ ನಮ್ಮ ಕಚೇರಿಯಲ್ಲಿ ಇದ್ದಿದ್ದರೆ ಬಡ್ತಿ ಕೊಟ್ಟು ದೂರದ ಊರಿಗೆ ಕಳಿಸುತ್ತಿದ್ದರು.

ಆಮೇಲೆ ಬಂತು ಪ್ರಮಾಣಪತ್ರ. ಶೇಕಡಾ ತೊಂಬತ್ತನಾಲ್ಕು ವಿದ್ಯುತ್ ಉಳಿತಾಯ, ಐದು ನಕ್ಷತ್ರ, ಗೇಟಿನ ಪಕ್ಕ ಹಿತ್ತಾಳೆ ಫಲಕ, ತಮ್ಮ ಭಾಷಣ, ಚಪ್ಪಾಳೆ. ತೊಂಬತ್ತನಾಲ್ಕು ಎಂದರೆ ಹುಡುಗಾಟವಲ್ಲ, ನಾವೂ ಬೆರಗಾಗಿ ಬಾಯಿ ಬಿಟ್ಟುಕೊಂಡೆವು. ಹಳೆಯ ಚಟ ಬಿಡಬೇಕಲ್ಲ, ನಾನು ವರದಿಯ ಅನುಬಂಧವನ್ನು ಓದಿದೆ. ತಾವು ಮೀಟರು ಓದಿಸಿದ್ದು ಯಾವ ಇಪ್ಪತ್ತನಾಲ್ಕು ದಿನಗಳಲ್ಲಿ? ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ತಾವೇ ನಮ್ಮನ್ನು ಹೊರಗೆ ಕಳಿಸಿದ್ದ ದಿನಗಳಲ್ಲಿ. ಆಗ ಹನ್ನೆರಡೂ ಮನೆಗಳಿಗೆ ಬೀಗ. ನಾವು ಒಬ್ಬೊಬ್ಬರು ಒಬ್ಬೊಬ್ಬ ನೆಂಟರ ಮನೆಯ ನಡುಮನೆಯಲ್ಲಿ ಹಾಸಿಗೆ ಬಿಚ್ಚಿ, ಅವರ ಮುಖ ದಿನೇದಿನೇ ಉದ್ದವಾಗುವುದನ್ನು ನೋಡುತ್ತಾ ಕುಳಿತಿದ್ದೆವು. ಕಟ್ಟಡದಲ್ಲಿ ಉರಿಯುತ್ತಿದ್ದದ್ದು ಕಾವಲುಗಾರನ ಒಂದು ಬಲ್ಬು. ಜನರಿಲ್ಲದ ಮನೆಯಲ್ಲಿ ಕರೆಂಟು ಖರ್ಚಾಗುವುದಿಲ್ಲ ಎಂಬ ಮಹಾ ಸತ್ಯವನ್ನು ಕಂಡುಹಿಡಿದು, ಅದಕ್ಕೆ ಮುದ್ರೆ ಒತ್ತಿ, ಹಿತ್ತಾಳೆಯಲ್ಲಿ ಕೆತ್ತಿಸಿದ ಮೊದಲ ಕಚೇರಿ ತಮ್ಮದು. ಅದರ ವಿಜ್ಞಾನವನ್ನು ನಾನು ಪ್ರಶ್ನಿಸುವುದಿಲ್ಲ. ಲೆಕ್ಕ ಸರಿಯಾಗಿಯೇ ಇದೆ, ಮನುಷ್ಯರು ವಾಪಸು ಬಂದದ್ದೇ ತಪ್ಪು.

ಈಗ ಗಾಜಿನ ವಿಷಯ. ನನ್ನ ಅತ್ತೆಗೆ ಎಂಬತ್ತಮೂರು ವರ್ಷ, ಉಬ್ಬಸದ ತೊಂದರೆ. ನಮ್ಮ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾದರೂ ನಾವಿಬ್ಬರೂ ಒಂದೇ ಸೂರಿನಡಿ ಇದ್ದೇವೆ. ಜಗಳವಾಡಲು ಇಷ್ಟು ಪಳಗಿದ ಬೇರೆ ಜೊತೆ ಇಬ್ಬರಿಗೂ ಸಿಗಲಿಲ್ಲ. ನಾವು ವಾಪಸು ಬಂದ ಮೊದಲ ದಿನವೇ ಅತ್ತೆ ಕೋಣೆಯ ನಡುವೆ ನಿಂತು, "ಏನೇ ಇದು, ಮನೆಯೋ ಡಬ್ಬಿಯೋ? ಮುಚ್ಚಳ ಎಲ್ಲಿದೆ, ತೆಗಿಯೇ" ಎಂದಿದ್ದರು. ಅವರ ಕೋಣೆಯ ಒಂದು ಕಿಟಕಿಯನ್ನಾದರೂ ತೆರೆಯುವಂತೆ ಮಾಡಿಕೊಡಿ ಎಂದು ನಾನು ತಮಗೆ ನಾಲ್ಕು ಅರ್ಜಿ ಕೊಟ್ಟೆ. ನಾಲ್ಕಕ್ಕೂ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಆ ಪದವನ್ನು ನಾನೇ ಸಾವಿರ ಸಲ ಟೈಪು ಮಾಡಿರುವುದರಿಂದ, ನನ್ನ ಅರ್ಜಿ ಯಾವ ಬೀರುವಿನ ಯಾವ ಖಾನೆಯಲ್ಲಿ ಮಲಗಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಹೋದ ತಿಂಗಳ ಹದಿನೆಂಟರಂದು ಮಧ್ಯಾಹ್ನ, ಈ ವರ್ಷದ ಅತಿ ಬಿಸಿಯ ದಿನ, ಎರಡು ಗಂಟೆಗೆ ಕರೆಂಟು ಹೋಯಿತು. ಊರಿನವರೆಲ್ಲ ಒಟ್ಟಿಗೆ ಫ್ಯಾನು ಹಾಕಿದ ದಿನವೇ ಕರೆಂಟು ಹೋಗುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು, ಸನ್ನದ್ಧತಾ ಕಚೇರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಗಾಳಿ ಯಂತ್ರ ಗೊರ್ರೆಂದು ನಿಂತಿತು. ಅರ್ಧ ಗಂಟೆಯಲ್ಲಿ ಕೋಣೆ ಬೆಂದುಹೋಯಿತು. ಬಾಗಿಲು ತೆರೆದೆ, ತಾವು ಅತ್ತಲೂ ಗಾಜು ಬಿಗಿದಿದ್ದರಿಂದ ಕಾರಿಡಾರಿನಲ್ಲಿ ಒಳಗಿನದಕ್ಕಿಂತ ಹೆಚ್ಚು ಸೆಕೆ. ಅತ್ತೆ ಮಂಚದಿಂದ ಎದ್ದು ಕಿಟಕಿಯ ತನಕ ಬಂದು, ಗಾಜಿಗೆ ಕೈ ಒತ್ತಿ ಹಾಗೇ ಕುಸಿದರು. ತುಟಿ ನೀಲಿಯಾಗಿತ್ತು. ನಲವತ್ತು ವರ್ಷ ಒಂದು ಕ್ಷಣ ಸುಮ್ಮನಿರದ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮೂರು ಮಹಡಿ ಇಳಿಸಲು ಒಬ್ಬಳ ಕೈಲಿ ಆಗುವಂತಿರಲಿಲ್ಲ. ಮಾನ್ಯರೇ, ನನಗೆ ಹೆದರಿಕೆಯಾಯಿತು, ಅಳು ಬಂತು. ಆಮೇಲೆ ಇಸ್ತ್ರಿಪೆಟ್ಟಿಗೆ ಕಣ್ಣಿಗೆ ಬಿತ್ತು.

ಮೊದಲನೇ ಏಟಿಗೆ ಒಳಗಿನ ಗಾಜು, ಮೂರನೇ ಏಟಿಗೆ ಹೊರಗಿನದು. ಆ ಹೊತ್ತಿನಲ್ಲಿ ಇಡೀ ಮನೆಯಲ್ಲಿ ಗಾಳಿ ಇದ್ದ ಜಾಗ ಆ ಎರಡು ಗಾಜುಗಳ ನಡುವಿನ ಸಂದು ಒಂದೇ. ಅದನ್ನು ನಾನು ನಾಶ ಮಾಡಿದ್ದನ್ನು ಒಪ್ಪಿಕೊಳ್ಳುತ್ತೇನೆ. ಸದ್ದು ಕೇಳಿ ಎದುರು ಮನೆಯ ದರ್ಜಿ ಓಡಿಬಂದು, ಅತ್ತೆಯನ್ನು ಎತ್ತಿ ಕಿಟಕಿಯ ಪಕ್ಕದ ಗೋಡೆಗೆ ಒರಗಿಸಿ ಕೂರಿಸಿದರು. ಹತ್ತು ನಿಮಿಷಕ್ಕೆ ಉಸಿರು ತಹಬಂದಿಗೆ ಬಂತು. ಅತ್ತೆ ಕಣ್ಣು ತೆರೆದು ಸುತ್ತ ಬಿದ್ದಿದ್ದ ಚೂರುಗಳನ್ನು ನೋಡಿ, "ಮೊದಲು ಗುಡಿಸೇ, ಕಾಲಿಗೆ ಚುಚ್ಚುತ್ತೆ" ಎಂದರು. ಆಗ ನನಗೆ ಹೋದ ಜೀವ ಬಂದಂತಾಯಿತು.

ಇದು ಸಮಜಾಯಿಷಿ. ಒಡೆದವಳು ನಾನು, ಒಡೆದದ್ದು ಉದ್ದೇಶಪೂರ್ವಕವಾಗಿ, ಮತ್ತೆ ಗಾಜು ಕೂರಿಸಿದರೆ ಮತ್ತೆ ಒಡೆಯುತ್ತೇನೆ. ತಮ್ಮ ನೋಟೀಸಿನ ಎರಡನೇ ಪುಟದಲ್ಲಿ, ನಿವಾಸಿಗಳು ಮರಳಿ ಬಂದ ಮೇಲೆ ಕಟ್ಟಡದ ಸಾಧನೆ ಕುಸಿದು ಐದು ನಕ್ಷತ್ರ ಎರಡಕ್ಕೆ ಇಳಿಯುವ ಭೀತಿಯಿದೆ ಎಂದು ತಾವು ನೊಂದುಕೊಂಡಿದ್ದೀರಿ. ಓದಿ ನನಗೂ ಸಂಕಟವಾಯಿತು. ಆದ್ದರಿಂದ ಕೆಲವು ನಮ್ರ ಮನವಿಗಳು. ಬಿಸಿಲಿಗೆ ತಮ್ಮ ಪ್ರಮಾಣಪತ್ರ ಸಿಕ್ಕಂತೆ ಕಾಣುವುದಿಲ್ಲ, ದೃಢೀಕೃತ ಪ್ರತಿಯೊಂದನ್ನು ಅದಕ್ಕೆ ಕಳಿಸಿಕೊಡಬೇಕು. ಕರೆಂಟು ತಾನು ಹೋಗುವುದಕ್ಕೆ ಏಳು ದಿನ ಮುಂಚಿತವಾಗಿ ಅರ್ಜಿ ಹಾಕಬೇಕೆಂದು ಆದೇಶಿಸಬೇಕು. ಉಸಿರಾಟಕ್ಕೆ ಪರವಾನಗಿ ಪದ್ಧತಿ ತಂದು, ಹಿರಿಯ ನಾಗರಿಕರಿಗೆ ದಿನಕ್ಕೆ ಇಂತಿಷ್ಟು ಎಂದು ನಿಗದಿ ಮಾಡಬೇಕು. ಅದೆಲ್ಲ ಕಷ್ಟವೆನಿಸಿದರೆ, ಆ ಮುದುಕ ಮೇಸ್ತ್ರಿಯನ್ನು ತಮ್ಮ ಕುರ್ಚಿಯಲ್ಲಿ ಒಂದು ವಾರ ಕೂರಿಸಿ, ತಾವು ನಮ್ಮ ಕೋಣೆಯಲ್ಲಿ ಒಂದು ಮಧ್ಯಾಹ್ನ ಕೂರಬೇಕು. ಇನ್ನೂ ಗಾಜು ಇರುವ ಪಕ್ಕದ ಕೋಣೆಯನ್ನು ತಮಗಾಗಿ ಗುಡಿಸಿ ಇಟ್ಟಿದ್ದೇನೆ.

ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಂಡದ್ದನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಂತಿ, ತಮ್ಮ ಕವಚವನ್ನು ಕೈಯಾರೆ ಒಡೆದ, ಆದರೂ ತಮ್ಮ ವಿಶ್ವಾಸಿ,
ಹನ್ನೊಂದನೇ ಮನೆಯ ಸೊಸೆ

ವಿ.ಸೂ.: ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಅವರದೂ ಒಂದು ಮಾತು ಸೇರಿಸಲೇಬೇಕೆಂದು ಹಟ ಹಿಡಿದಿದ್ದಾರೆ: ತಮ್ಮ ಐದು ನಕ್ಷತ್ರಕ್ಕೆ ಮನೆ ಖಾಲಿ ಇರಬೇಕು ಎಂಬುದು ಅವರಿಗೆ ಅರ್ಥವಾಗಿದೆಯಂತೆ, ಈ ವಯಸ್ಸಿನಲ್ಲಿ ಅಷ್ಟು ಉಪಕಾರ ಮಾಡಲು ಅವರಿಗೇನೂ ಅಭ್ಯಂತರವಿಲ್ಲವಂತೆ. ಆದರೆ ಕಿಟಕಿ ತೆರೆದಿರುವ ಕಾರಣ ಸ್ವಲ್ಪ ತಡವಾಗಬಹುದು, ದಯವಿಟ್ಟು ಸಹಕರಿಸಬೇಕಂತೆ.