ಬಿದ್ರಿ ಕಣ್ಣಿನ ಜಪಾನಿ ಕಾರು

ನನಗೆ ಕಾರು ರಿಪೇರಿಯ ಬಗ್ಗೆ ಏನೂ ತಿಳಿಯದು ಎಂದು ಬೀದರಿನಲ್ಲಿ ಒಂದು ಸುದ್ದಿ ಹಬ್ಬಿದೆ. ಅದು ಶುದ್ಧ ಸುಳ್ಳು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದ್ದೆ! ಅದರಲ್ಲಿ ಜಪಾನಿನ ಒಬ್ಬ ಮುದುಕ ತುಕ್ಕು ಹಿಡಿದ ಕಾರೊಂದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ನಾನು ಒಂದು ಕಪ್ ಚಹಾ ಮುಗಿಸುವಷ್ಟರಲ್ಲಿ ಓಡಿಸಿಕೊಂಡು ಹೋಗಿಬಿಟ್ಟ. ಆ ವಯಸ್ಸಿನಲ್ಲಿ ಅವನಿಗೆ ಆಗಿದ್ದು, ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ಕಲಿಸಿ ಗಟ್ಟಿಯಾದ ನನಗೆ ಆಗದೆ ಇರುತ್ತದೆಯೇ?

ಕಾರು ಸಿಕ್ಕಿದ್ದು ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ. ದೂರದ ಸಂಬಂಧಿಕರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದವಳು ಕೊಟ್ಟಿಗೆಯಲ್ಲಿ ಜೋಳದ ಕಣಕಿಯ ಮೇವಿನ ಕೆಳಗಿನಿಂದ ಕೆಂಪು ಮೂತಿಯೊಂದು ಇಣುಕುವುದನ್ನು ಕಂಡು ಕೈ ತೊಳೆಯುವುದನ್ನೇ ಮರೆತೆ. ನೆಲಕ್ಕೆ ತಾಗುವಷ್ಟು ತಗ್ಗು, ಎರಡೇ ಬಾಗಿಲು, ಎರಡೇ ಸೀಟು. ಮುಂದಿನ ದೀಪಗಳು ಹೊರಗೆ ಕಾಣುವುದೇ ಇಲ್ಲ. ಸ್ವಿಚ್ಚು ಒತ್ತಿದರೆ ಮುಚ್ಚಳ ಸಮೇತ ಮೇಲೆದ್ದು ಕಣ್ಣು ತೆರೆಯುತ್ತವೆ. ನಾನು ಶಾಲೆಯಲ್ಲಿದ್ದಾಗ ಕಂಪಾಸು ಪೆಟ್ಟಿಗೆಗೆ ಅಂಟಿಸಿಕೊಂಡಿದ್ದ ಸ್ಟಿಕ್ಕರಿನ ಅದೇ ಜಪಾನಿ ಸ್ಪೋರ್ಟ್ಸ್ ಕಾರು! ಆ ಸಂಬಂಧಿಕರ ತಮ್ಮ ಮುಂಬಯಿಯಲ್ಲಿ ಒಬ್ಬ ಸೇಠರ ಡ್ರೈವರ್ ಆಗಿದ್ದನಂತೆ. ಸೇಠರು ದೇಶ ಬಿಟ್ಟು ಹೋಗುವಾಗ ಇದನ್ನು ಅವನಿಗೇ ಬಿಟ್ಟುಹೋದರಂತೆ.

ಕೇಳಿದ ಕೂಡಲೇ ಸಂಬಂಧಿಕರು ಕೊಡಲು ಒಪ್ಪಿದರು. ಒಂದೇ ಅಡಚಣೆ. ಡ್ರೈವರ್ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು.

"ಗಾಡಿ ಒಯ್ರಿ ಅಕ್ಕ, ನಂದೇನ್ ತಕರಾರಿಲ್ಲ. ಆದ್ರ ಕೋಳಿ ಎಬ್ಬಸಬ್ಯಾಡ್ರಿ. ಮರಿ ಆಗೋತನ ತಡೀರಿ" ಎಂದರು.

ಹೀಗೆ, ನನ್ನ ಜಪಾನಿ ಸ್ಪೋರ್ಟ್ಸ್ ಕಾರು ಯಾವತ್ತು ಕೈಸೇರಬೇಕು ಎಂಬುದನ್ನು ಮೆಹಕರದ ಕೋಳಿ ತೀರ್ಮಾನಿಸಿತು.

ಮರಿಗಳಾದ ಮೇಲೆ ಕಾರನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಹೇರಿ ಬೀದರಿನ ನಮ್ಮ ಮನೆಯ ಮುಂದೆ ಇಳಿಸಿದೆವು. ನನ್ನ ಯಜಮಾನರು ಕರೆಂಟು ಆಫೀಸಿನಲ್ಲಿದ್ದಾರೆ. ಮಾತು ಕಡಿಮೆ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಸಾಮಾನು ಎಲ್ಲಿಡುವುದು ಎಂದು ಕೇಳಿದರು. ಇದು ಸಾಮಾನು ಒಯ್ಯುವ ಗಾಡಿಯಲ್ಲ ಎಂದೆ.

"ಹಂಗಾದ್ರ ಏನ್ ಒಯ್ತದ?"

"ಸಂತೋಷ" ಎಂದೆ.

ಅವರು ಸೀಟಿನ ಮೇಲಿದ್ದ ಪುಕ್ಕವೊಂದನ್ನು ಎತ್ತಿ ನೋಡಿ, ಒಳಗೆ ಹೋಗಿ ಪೇಪರ್ ಓದತೊಡಗಿದರು.

ಅದೇ ವೇಳೆಗೆ ಔರಾದಿನಲ್ಲಿರುವ ನನ್ನ ಅಣ್ಣನ ಮಗಳು ಸುಜಾತಾಳ ಮದುವೆ ನಿಶ್ಚಯವಾಯಿತು. ನಮ್ಮ ಮನೆತನದಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರತ್ತೆಯ ಹಕ್ಕು. ನನಗೆ ಮಕ್ಕಳಿಲ್ಲ. ಸುಜಾತಾ ನನ್ನ ಸೊಂಟದ ಮೇಲೆಯೇ ಬೆಳೆದ ಹುಡುಗಿ. ಅವಳ ಕೈಹಿಡಿದು, ಮದುವೆ ಮಾಡಿಸುವ ಬೌದ್ಧ ಭಿಕ್ಷು ಬಂತೇಜಿಯವರ ಮುಂದೆ ನಿಲ್ಲಿಸುವ ಆ ಗಳಿಗೆಗಾಗಿ ನಾನು ಅವಳ ತಾಯಿಗಿಂತ ಹೆಚ್ಚು ಕಾದಿದ್ದೆ. ಹಾಗಾಗಿ ಉತ್ಸಾಹದಲ್ಲಿ ಘೋಷಿಸಿಬಿಟ್ಟೆ: ಮದುಮಗಳ ಅಲಂಕಾರ ಬೀದರಿನ ಪಾರ್ಲರಿನಲ್ಲಿ, ಅಲ್ಲಿಂದ ಔರಾದಿನ ಮಂಟಪದ ಬಾಗಿಲವರೆಗೆ ಈ ಕಾರಿನಲ್ಲಿ! ಸುಜಾತಾ ಕುಣಿದಾಡಿದಳು. ಅಣ್ಣ ಮಾತ್ರ ಫೋನಿನಲ್ಲಿ, "ತಂಗಿ, ಬೀದರದಿಂದ ಬಸ್ಸೂ ಬರ್ತಾವ" ಎಂದ.

ಭಾಲ್ಕಿಯಿಂದ ಮೆಕ್ಯಾನಿಕ್ ಚಾಂದಪಾಶಾನನ್ನು ಕರೆಸಿದೆ. ಆ ಭಾಗದಲ್ಲಿ ಅವನ ಕೈಗೆ ಸಿಗದ ಟ್ರ್ಯಾಕ್ಟರ್ ಇರಲಿಲ್ಲ. ಬಾನೆಟ್ಟು ಎತ್ತಿದ್ದೇ ತಡ, ಅವನಿಗೂ ನನ್ನ ಹಾಗೆಯೇ ಹುಚ್ಚು ಹತ್ತಿತು. "ಫಿಕರ್ ಮಾಡಬ್ಯಾಡ್ರಿ ಟೀಚರ್. ಜಪಾನ್ ಆದ್ರೇನು, ಭಾಲ್ಕಿ ಆದ್ರೇನು, ಇಂಜಿನ್ ಅಂದ್ರ ಇಂಜಿನ್" ಎಂದ. ಈ ಮಹಾನ್ ತತ್ವದ ಆಧಾರದ ಮೇಲೆ ಕೆಲಸ ಶುರುವಾಯಿತು. ಹೈದರಾಬಾದಿನ ಗುಜರಿ ಅಂಗಡಿಗಳನ್ನೆಲ್ಲ ನಾವಿಬ್ಬರೂ ಸುತ್ತಿದೆವು. ಸಿಕ್ಕಿದ್ದು ಸಿಕ್ಕಿತು. ಸಿಗದಿದ್ದದ್ದನ್ನು ಚಾಂದಪಾಶಾ ತನ್ನ ಗ್ಯಾರೇಜಿನ ಮೂಲೆಯಿಂದ ಹುಡುಕಿ ತಂದ. ಟ್ರ್ಯಾಕ್ಟರಿನ ನೀರಿನ ಪೈಪು ಬಂತು. ಆಟೋದ ಡೈನಮೋ ಬಂತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಯಾವುದರದು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೊಂದು ದಿನ ಕಾರು ಕೆಮ್ಮಿತು, ಸೀನಿತು, ಓಣಿಯ ತುಂಬ ಕರಿ ಹೊಗೆ ಬಿಟ್ಟು ಗುಡುಗಿತು. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಯಜಮಾನರು ಕಿಟಕಿ ಮುಚ್ಚಿಕೊಂಡರು.

ಉಳಿದದ್ದು ಎಡಗಣ್ಣು. ಬಲಗಡೆಯ ದೀಪ ಸೊಗಸಾಗಿ ಏಳುತ್ತಿತ್ತು. ಎಡದ ದೀಪದ ಮುಚ್ಚಳವನ್ನು ಮಾತ್ರ ತುಕ್ಕು ಪೂರ್ತಿ ತಿಂದುಹಾಕಿತ್ತು. ನಾನು ಮೊಬೈಲಿನಲ್ಲಿ ಹುಡುಕಿ ಜಪಾನಿನಿಂದಲೇ ತರಿಸಿದೆ. ಅಲ್ಲಿಯ ಹೊಸ ಮುಚ್ಚಳ ಬರುತ್ತಿದೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದೆ. ಪಾರ್ಸೆಲ್ ಬಂದ ದಿನ ಎದುರು ಮನೆಯ ಶಾಂತಾಬಾಯಿ ಊದಿನಕಡ್ಡಿ ಹಚ್ಚಿಕೊಂಡು, ತೆಂಗಿನಕಾಯಿ ಹಿಡಿದುಕೊಂಡೇ ಬಂದರು. ಡಬ್ಬಿ ಸ್ವಲ್ಪ ಸಣ್ಣದಾಯಿತಲ್ಲ ಎಂದು ಯಾರೋ ಅಂದಾಗ, ಜಪಾನಿನವರು ಎಲ್ಲವನ್ನೂ ಚೊಕ್ಕವಾಗಿ ಮಡಿಸುತ್ತಾರೆ ಎಂದು ವಿವರಿಸಿದೆ.

ಬಿಚ್ಚಿದರೆ ಒಳಗಿದ್ದದ್ದು ಹೆಸರುಬೇಳೆ ಗಾತ್ರದ ಕೆಂಪು ಮುಚ್ಚಳ. ಆಟಿಕೆಯ ಕಾರಿಗೆ ಕೂಡಿಸುವಂಥದು!

ಯಜಮಾನರು ಕನ್ನಡಕ ಹಾಕಿಕೊಂಡು ಅದನ್ನು ಬೆರಳ ತುದಿಯಲ್ಲಿಟ್ಟು ಪರೀಕ್ಷಿಸಿ, "ಚಲೋನೇ ಅದ. ಅಳತಿ ನೋಡಿದ್ದಿಲ್ಲೇನು?" ಎಂದರು. ಆ ವಾರವೇ ನಾನು ಹತ್ತನೆಯ ತರಗತಿಗೆ ಅನುಪಾತದ ಪಾಠ ಮುಗಿಸಿದ್ದೆ. ಶಾಂತಾಬಾಯಿ ಕಾಯಿ ಒಡೆಯದೆ ವಾಪಸು ಒಯ್ದರು. ಮಧ್ಯಾಹ್ನ ಅವರ ಮನೆಯಿಂದ ಚಟ್ನಿಯ ಘಮ ಬಂತು.

ಬೇರೆ ಊರಿನವರಾಗಿದ್ದರೆ ಇಲ್ಲಿಗೆ ಬುದ್ಧಿ ಕಲಿತು, ಒಂದು ತಗಡು ಕತ್ತರಿಸಿ ಕೆಂಪು ಬಣ್ಣ ಬಳಿದು ಕೂಡಿಸುತ್ತಿದ್ದರು. ಆದರೆ ನಾನು ಬೀದರಿನವಳು. ಬಿದ್ರಿ ಕೆಲಸದವರು ಕೂಗಳತೆಯಲ್ಲಿರುವಾಗ ತಗಡು ಯಾಕೆ? ನೇರವಾಗಿ ರಶೀದ್ ಉಸ್ತಾದರ ಕಾರ್ಖಾನೆಗೆ ಹೋದೆ. ಹೂದಾನಿ, ಹುಕ್ಕಾ, ಪಾನ್‌ದಾನ್ ಮಾಡಿ ಮಾಡಿ ಅವರಿಗೂ ಬೇಸರ ಬಂದಿತ್ತೇನೋ. ಕಾರಿನ ಕಣ್ಣಿನ ಮುಚ್ಚಳ ಎಂದ ಕೂಡಲೇ ಎದ್ದು ನಿಂತರು. ನಮ್ಮ ಮುತ್ತಾತನ ಕಾಲದಿಂದ ಇಂಥ ಕೆಲಸ ಬಂದಿಲ್ಲ ಎಂದರು. ಅವರ ಮುತ್ತಾತನ ಕಾಲದಲ್ಲಿ ಕಾರೇ ಇರಲಿಲ್ಲ ಎಂಬುದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ. ಸತುವು ಕರಗಿಸಿ ಎರಕ ಹೊಯ್ದು, ಬಳ್ಳಿ ಕೊರೆದು, ಬೆಳ್ಳಿಯ ತಂತಿ ಕೂಡಿಸಿ, ಬೀದರ ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕುದಿಸಿ ಕಪ್ಪು ಮಾಡಿದರು. ಸ್ವಲ್ಪ ತೆಳುವಾಗಿ ಮಾಡಬಹುದೇ ಎಂದು ಕೇಳಿದ್ದೆ. "ಬಿದ್ರಿ ಅಂದ್ರ ಕೈಗೆ ವಜನ ಹತ್ತಬೇಕ್ರಿ ಟೀಚರ್. ಹಗೂರಿದ್ರ ಜನ ನಗ್ತಾರ" ಎಂದರು. ನನಗೂ ಅದು ಸರಿ ಎನಿಸಿತು.

ಕೂಡಿಸಿದ ದಿನ ಓಣಿಯೆಲ್ಲ ಬಂದು ಸುತ್ತ ನೆರೆಯಿತು. ಕೆಂಪು ಬಾನೆಟ್ಟಿನ ಮೇಲೆ ಕಪ್ಪು ಮುಚ್ಚಳ, ಅದರ ತುಂಬ ಬೆಳ್ಳಿಯ ಬಳ್ಳಿ. ನನಗೆ ಕಣ್ಣೀರೇ ಬಂತು. ಉಸ್ತಾದರೂ ಕಣ್ಣು ಒರೆಸಿಕೊಂಡರು. ಸ್ವಿಚ್ಚು ಒತ್ತಿದೆ. ಬಲಗಣ್ಣು ಟಕ್ಕನೆ ತೆರೆಯಿತು. ಎಡಗಣ್ಣಿನೊಳಗೆ ಮೋಟರು ಗೊಂಯ್ ಎಂದು ನರಳಿ, ಸುಟ್ಟ ವಾಸನೆ ಬಿಟ್ಟು, ಶಾಶ್ವತವಾಗಿ ವಿಶ್ರಾಂತಿ ಪಡೆಯಿತು. ಒಂದು ಮುಚ್ಚಳ ಎತ್ತಲು ಹುಟ್ಟಿದ ಮೋಟರು ಅದು. ನಾನು ಅದರ ತಲೆಯ ಮೇಲೆ ರುಬ್ಬುಗುಂಡು ಇಟ್ಟಿದ್ದೆ.

ಚಾಂದಪಾಶಾ ಅಂಜುವವನಲ್ಲ. ಲಾರಿಯ ವೈಪರ್ ಮೋಟರು ತಂದು ಒಳಗೆ ಕೂಡಿಸಿದ. ಸ್ವಿಚ್ಚು ಒತ್ತಿದರೆ ಬಿದ್ರಿ ಮುಚ್ಚಳ ಗಂಭೀರವಾಗಿ ಮೇಲೆದ್ದಿತು. ನಾವೆಲ್ಲ ಹುರ್ರೇ ಎಂದೆವು. ಮುಚ್ಚಳ ಕೆಳಗಿಳಿಯಿತು. ಮತ್ತೆ ಎದ್ದಿತು. ಮತ್ತೆ ಇಳಿಯಿತು. ಇದು ನಿಲ್ಲುವುದಿಲ್ಲವೇ ಎಂದು ಕೇಳಿದೆ.

"ಹೆಂಗ ನಿಲ್ತದ್ರಿ? ಅದು ವೈಪರ್ ಮೋಟರ್ ಅದರಿ ಟೀಚರ್" ಎಂದು ನನ್ನ ಅಜ್ಞಾನಕ್ಕೆ ಮರುಗಿದ.

ಅಂದು ಸಂಜೆ ಯಜಮಾನರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಊರೊಳಗೆ ಒಂದು ಸುತ್ತು ಹೊರಟೆ. ನನ್ನ ಕಾರು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹೆಂಗಸರಿಗೆಲ್ಲ ಕಣ್ಣು ಹೊಡೆಯಿತು. ಟ್ರಾಫಿಕ್ ಪೊಲೀಸರಿಗೆ ಕಣ್ಣು ಹೊಡೆಯಿತು. ಎದುರಿಗೆ ಬಂದ ನಮ್ಮ ಶಾಲೆಯ ಹೆಡ್ಮಾಸ್ತರರಿಗೂ ಹೊಡೆಯಿತು. ಅವರು ಗಾಬರಿಯಾಗಿ ನಮಸ್ಕಾರ ಮಾಡಿದರು. ಚೌಬಾರಾ ಗೋಪುರದ ಹತ್ತಿರ ಯಜಮಾನರ ಆಫೀಸಿನ ಸಾಹೇಬರ ಹೆಂಡತಿ ತರಕಾರಿ ಕೊಳ್ಳುತ್ತಿದ್ದರು. ಕಾರು ಅವರತ್ತ ತಿರುಗುವ ಮೊದಲೇ ಯಜಮಾನರು ಬಾಗಿಲು ತೆಗೆದು ಇಳಿದು, ನನ್ನನ್ನು ಜನ್ಮದಲ್ಲಿ ಕಂಡಿಲ್ಲದವರ ಹಾಗೆ ಮನೆಗೆ ನಡೆದು ಹೋದರು.

ಮದುವೆಯ ದಿನ ಅವರು ಬೆಳಿಗ್ಗೆಯೇ ಬಸ್ಸಿನಲ್ಲಿ ಔರಾದಿಗೆ ಹೋದರು. ಸುಜಾತಾ ಪಾರ್ಲರಿನಿಂದ ಬಿಳಿ ರೇಷ್ಮೆ ಸೀರೆಯಲ್ಲಿ, ತಲೆ ತುಂಬ ಮಲ್ಲಿಗೆ ಮುಡಿದು ಬಂದಳು. ಕಾರಿನಲ್ಲಿ ಜಾಗ ಕಡಿಮೆ ಎಂದು ನನ್ನ ಪರ್ಸು, ಫೋನು ಎಲ್ಲ ಅವಳ ಚೀಲಕ್ಕೇ ಸೇರಿಸಿದೆವು. ಹೊರಟಾಗ ಕೈಯಲ್ಲಿ ಬೇಕಾದಷ್ಟು ಹೊತ್ತಿತ್ತು.

ಹಗಲಿನಲ್ಲಿ ದೀಪ ಹಾಕುವ ಅಗತ್ಯ ಇರಲಿಲ್ಲ. ಇದನ್ನು ಒಪ್ಪುತ್ತೇನೆ. ಆದರೆ ದಾರಿಯ ಮೊದಲ ಹಳ್ಳಿಯಲ್ಲೇ ಕಟ್ಟೆಯ ಮೇಲೆ ಕೂತವರು ಎದ್ದು ನಿಂತು ನೋಡಿದರು. ಅಷ್ಟು ಜನ ನೋಡುತ್ತಿರುವಾಗ ಬಿದ್ರಿ ಕೆಲಸ ತೋರಿಸದಿದ್ದರೆ ಉಸ್ತಾದರಿಗೆ ಅವಮಾನವಲ್ಲವೇ? ಸ್ವಿಚ್ಚು ಒತ್ತಿದೆ. ಕಟ್ಟೆ ನಕ್ಕು ಹೊರಳಾಡಿತು. ಸುಜಾತಾ ಕಿಟಕಿಯಿಂದ ಕೈಬೀಸಿದಳು. ಆಮೇಲೆ ಸ್ವಿಚ್ಚು ಆರಿಸುವ ಮನಸ್ಸೇ ಬರಲಿಲ್ಲ. ನಾವಿಬ್ಬರೂ ಹಾಡುತ್ತಾ, ನಗುತ್ತಾ, ಎಮ್ಮೆಗಳಿಗೆ, ಎತ್ತಿನ ಗಾಡಿಗಳಿಗೆ, ಕಬ್ಬಿನ ಲಾರಿಗಳಿಗೆ ಒಂದೂ ಬಿಡದೆ ಕಣ್ಣು ಹೊಡೆಯುತ್ತಾ ಸಾಗಿದೆವು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಪ್ರಯಾಣ ಮತ್ತೊಂದಿಲ್ಲ. ಲಾರಿಯ ಮೋಟರು ಬ್ಯಾಟರಿಯನ್ನು ಹೀರುತ್ತಲೇ ಇತ್ತು. ಆಟೋದ ಡೈನಮೋ ಕೈಲಾದಷ್ಟು ತುಂಬುತ್ತಿತ್ತು. ಸಂತಪುರ ದಾಟಿದ ಮೇಲೆ ಅದರ ಕೈಲಾಗಲಿಲ್ಲ. ಕಣ್ಣು ಅರ್ಧಕ್ಕೆ ನಿಂತಿತು. ಅದರ ಹಿಂದೆಯೇ ಇಂಜಿನ್ನೂ ನಿಂತಿತು.

ಸುತ್ತ ತೊಗರಿ ಹೊಲ. ನಾನು ತಳ್ಳಿದೆ. ಸುಜಾತಾ ಬಿಳಿ ಸೀರೆ ಎತ್ತಿ ಕಟ್ಟಿಕೊಂಡು ತಳ್ಳಿದಳು. ಕಾರು ಮಾತ್ರ ಹಟ ಹಿಡಿದು ಕೂತಿತು. ನನ್ನ ನಗು ಆಗ ನಿಂತಿತು. ಮಂಟಪದಲ್ಲಿ ಬಂತೇಜಿ ಬಂದಿರುತ್ತಾರೆ, ಬೀಗರು ಬಂದಿರುತ್ತಾರೆ, ಮದುಮಗಳು ಮಾತ್ರ ತೊಗರಿ ಹೊಲದಲ್ಲಿ! ಅಷ್ಟರಲ್ಲಿ ಒಂದು ಸಣ್ಣ ಗೂಡ್ಸ್ ಗಾಡಿ ಬಂತು. ಕೈ ಮಾಡಿ ನಿಲ್ಲಿಸಿದೆ. ನಮ್ಮದೇ ಮದುವೆಗೆ ಐಸ್ ಗಡ್ಡೆ ಒಯ್ಯುತ್ತಿತ್ತು. ಡ್ರೈವರ್ ಪಕ್ಕದಲ್ಲಿ ಒಬ್ಬರಿಗೆ ಮಾತ್ರ ಜಾಗ.

"ನೀವು ಬರ್ಲಾರದೆ ನಾ ಹೋಗಂಗಿಲ್ಲ ಅತ್ತಿ" ಎಂದು ಸುಜಾತಾ ನನ್ನ ಕೈ ಬಿಡಲಿಲ್ಲ.

"ನೀ ನಡಿ ಅವ್ವ. ನೀ ಇಲ್ಲದ ಮದುವಿ ಆಗಂಗಿಲ್ಲ. ನಾ ಹಿಂದಿನ ಬಸ್ಸಿಗೆ ಬಂದೇ ಬರ್ತೇನಿ" ಎಂದು ಹೇಳಿ ಅವಳನ್ನು ಹತ್ತಿಸಿದೆ. ಐಸ್ ಗಾಡಿ ಹೋಯಿತು. ಅವಳ ಚೀಲದಲ್ಲಿ ನನ್ನ ಪರ್ಸೂ ಫೋನೂ ಹೋದವು.

ಬಸ್ಸು ಬಂತು. ಆದರೆ ಹತ್ತುವುದು ಹೇಗೆ? ಕಾರಿನ ಬಾಗಿಲಿಗೆ ಬೀಗ ಇರಲಿಲ್ಲ. ಹೊಲದ ಕೆಲಸದ ಜನ ಆಗಲೇ ಸುತ್ತ ನೆರೆದು, ಅರ್ಧ ತೆರೆದ ಬೆಳ್ಳಿ ಬಳ್ಳಿಯ ಕಣ್ಣನ್ನು ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಬಿಟ್ಟುಹೋದರೆ ಉಸ್ತಾದರ ಕೆಲಸ ಸಂಜೆಯೊಳಗೆ ಯಾರದೋ ಮನೆಯ ಗೋಡೆ ಸೇರುವುದು ಖಂಡಿತ. ಬಸ್ಸನ್ನು ಬಿಟ್ಟೆ. ಆಮೇಲೆ ಮದುವೆಗೆ ಹೊರಟ ನಮ್ಮವರ ಗಾಡಿಗಳು ಒಂದರ ಹಿಂದೊಂದು ಬಂದವು. ನಾನು ಎರಡೂ ಕೈ ಬೀಸಿದೆ. ಅವರೂ ಎರಡೂ ಕೈ ಬೀಸಿದರು! ಟೀಚರ್ ಕಾರಿನ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದಾರೆ ಎಂದುಕೊಂಡರಂತೆ. ಇಬ್ಬರು ಇಳಿದು ಬಂದು ನನ್ನ ಜೊತೆ ಸೆಲ್ಫಿಯನ್ನೂ ತೆಗೆದುಕೊಂಡರು. ಕಾರು ಕೆಟ್ಟಿದೆ ಎಂದು ನಾನು ಹೇಳಿದ್ದನ್ನು ತಮಾಷೆ ಎಂದು ತಿಳಿದು ಬೆನ್ನು ತಟ್ಟಿ ಹೋದರು. ಅವರೆಲ್ಲ ಮದುವೆಗೆ ಹೋಗುತ್ತಿದ್ದರು. ಸೋದರತ್ತೆ ಮಾತ್ರ ರಸ್ತೆಯಲ್ಲಿ ಕಾವಲು ನಿಂತಿದ್ದಳು. ಬಸ್ಸಿಗೆ ಬರುತ್ತೇನೆ ಎಂದು ಹೇಳಿ ಕಳಿಸಿದ್ದರಿಂದ ಮಂಟಪದಿಂದ ಯಾರೂ ಹುಡುಕಿಕೊಂಡು ಬರಲಿಲ್ಲ. ಅಳು ಬಂತು. ಅತ್ತುಬಿಟ್ಟೆ. ಕಾರಿನ ಚಕ್ರಕ್ಕೆ ಒಂದು ಒದೆ ಕೊಟ್ಟೆ. ಹೆಬ್ಬೆರಳು ಊದಿತು.

ಬಿಸಿಲು ಇಳಿಯುವ ಹೊತ್ತಿಗೆ ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಜಪಾನಿ ಸ್ಪೋರ್ಟ್ಸ್ ಕಾರು ಔರಾದನ್ನು ಪ್ರವೇಶಿಸಿದ್ದು ಹಾಗೆ. ಮಂಟಪದಲ್ಲಿ ಆಳುಗಳು ಜಮಖಾನೆ ಸುತ್ತುತ್ತಿದ್ದರು. ಸುಜಾತಾ ಗಂಡನ ಜೊತೆ ಬೀಗರ ಬಸ್ಸಿನ ಮೆಟ್ಟಿಲ ಬಳಿ ನಿಂತಿದ್ದಳು. ನಾನು ಬರುವವರೆಗೆ ಹತ್ತುವುದಿಲ್ಲ ಎಂದು ಹಟ ಹಿಡಿದು ಬಸ್ಸನ್ನೇ ನಿಲ್ಲಿಸಿದ್ದಳಂತೆ. ಐಸಿನ ತಂಪಿನಲ್ಲಿ ಬಂದದ್ದಕ್ಕೋ ಏನೋ, ಅವಳ ಅಲಂಕಾರ ಒಂದಿಷ್ಟೂ ಕೆಟ್ಟಿರಲಿಲ್ಲ. ನಮ್ಮಲ್ಲಿ ಅಕ್ಷತೆಯ ಬದಲು ಹಾಕುವ ಹೂವಿನ ಪಕಳೆಗಳನ್ನು, ಬಾಡಿದ್ದವುಗಳನ್ನೇ, ಚೀಲದಿಂದ ತೆಗೆದು ಗ್ರೀಸು ಮೆತ್ತಿದ ನನ್ನ ಕೈಗೆ ಹಾಕಿ, "ನಿಮ್ಮ ಪಾಲಿಂದು ತೆಗೆದಿಟ್ಟಿದ್ದೆ ಅತ್ತಿ. ಈಗ ಹಾಕ್ರಿ" ಎಂದಳು. ಹಾಕಿದೆ. ಇಬ್ಬರೂ ಅತ್ತೆವು, ನಕ್ಕೆವು. ಬಸ್ಸು ಹೊರಟಿತು.

ಯಜಮಾನರು ನನಗಾಗಿ ಮುಚ್ಚಿಟ್ಟಿದ್ದ ಊಟದ ತಾಟು ತಂದು ಕೊಟ್ಟು ಪಕ್ಕದಲ್ಲಿ ಕೂತರು. ನಾನು ಬೂಂದಿ ತಿನ್ನುತ್ತಾ, ಎಲ್ಲ ಸುಸೂತ್ರವಾಗಿ ನಡೆಯಿತೇ ಎಂದು ಕೇಳಿದೆ. ಒಂದು ಸಣ್ಣ ಗಲಾಟೆಯೂ ಇಲ್ಲದೆ, ಹೇಳಿದ ಹೊತ್ತಿಗೆ ಸರಿಯಾಗಿ ಮುಗಿಯಿತು ಎಂದರು. ನಮ್ಮ ಮನೆತನದ ಮದುವೆಯೊಂದು ಹೊತ್ತಿಗೆ ಸರಿಯಾಗಿ ಮುಗಿದದ್ದು ಇದೇ ಮೊದಲು. ಅದು ಹೇಗೆ ಸಾಧ್ಯವಾಯಿತು ಎಂದು ನಿಜಕ್ಕೂ ಆಶ್ಚರ್ಯದಿಂದ ಕೇಳಿದೆ.

ಅವರು ನನ್ನ ತಾಟಿಗೆ ಇನ್ನೊಂದಿಷ್ಟು ಬೂಂದಿ ಹಾಕಿ, ಬಹಳ ಪ್ರೀತಿಯಿಂದ ಹೇಳಿದರು: "ನೀ ಇದ್ದಿದ್ದಿಲ್ಲಲ್ಲ."